ಮೂರನೆಯ ನಾಬ್

“ತಾತ, ಇದರಲ್ಲಿ ಏನೋ ಕಡಿಮೆ ಇದೆ” ಎಂದ ಮೊಮ್ಮಗ. ಅವನ ಮುಂದಿದ್ದದ್ದು ಗಿಟಾರಿನ ವಾಲ್ವ್ ಆಂಪ್ಲಿಫೈಯರ್. ಅಮೆರಿಕದ ಫೆಂಡರ್ ಕಂಪನಿ 1963ರಲ್ಲಿ ತಂದ ‘ಡಿಲಕ್ಸ್ ರಿವರ್ಬ್’ ಮಾದರಿಯಲ್ಲಿ ಹವ್ಯಾಸಿಯೊಬ್ಬರು ಕಟ್ಟಿದ್ದನ್ನು ಕೊಂಡು ತಂದಿದ್ದ. ಒಬ್ಬನೇ ನುಡಿಸಿದರೆ ಇಂಪು. ಗೆಳೆಯರ ಡ್ರಮ್ಸು, ಬೇಸ್ ಗಿಟಾರು ಸೇರಿದರೆ ಇವನ ವಾದ್ಯ ಮುಳುಗಿಹೋಗುತ್ತದಂತೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಆದರೆ ಬಿ.ಕಾಂ. ಓದುವಾಗ ಸಂಜೆಹೊತ್ತು ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಬೆಸುಗೆ ಹಾಕಲು ಕಲಿತಿದ್ದೆ. ವಾಲ್ವ್ ಕಂಡರೆ ಈಗಲೂ ಹಳೆಯ ಗೆಳೆಯ ಸಿಕ್ಕಂತೆ.

ಸರ್ಕ್ಯೂಟ್ ನಕ್ಷೆ ಹರಡಿಕೊಂಡು ಕೂತೆ. ಟ್ರೆಬಲ್‌ಗೆ ಒಂದು ನಾಬ್, ಬೇಸ್‌ಗೆ ಒಂದು. ನಡುವಿನ ಸ್ವರಗಳಿಗೆ ನಾಬೇ ಇಲ್ಲ. ಅಲ್ಲಿ 6.8 ಕಿಲೋ ಓಮ್‌ನ ಪುಟ್ಟ ರೆಸಿಸ್ಟರ್ ಕೂತಿದೆ. ಈ ಬಗೆಯ ಟೋನ್ ಸರ್ಕ್ಯೂಟ್ ಸದ್ದಿಗೆ ಏನನ್ನೂ ಕೂಡುವುದಿಲ್ಲ, ಕಳೆಯುತ್ತದೆ ಅಷ್ಟೆ. ಟ್ರೆಬಲ್ ಹೆಚ್ಚಿಸುವುದೆಂದರೆ ಅದನ್ನು ಕಡಿಮೆ ಕಳೆಯುವುದು. ಜಮೆಯೇ ಇಲ್ಲದ, ಬರೀ ಖರ್ಚಿನ ಲೆಡ್ಜರ್! ಇದರಲ್ಲಿ ಹೆಚ್ಚು ಖರ್ಚಾಗುತ್ತಿದ್ದದ್ದು ನಡುವಿನ ಸ್ವರ. ಆ ರೆಸಿಸ್ಟರ್ ತೆಗೆದು 25 ಕಿಲೋ ಓಮ್‌ನ ಪೊಟೆನ್ಶಿಯೋಮೀಟರ್ ಹಾಕಿದರೆ, ಬೇಕಾದಾಗ ಹಳೆಯ ಸದ್ದು, ಬೇಕಾದಾಗ ತುಂಬು ಸದ್ದು.

ಸ್ಟ್ಯಾಂಡ್‌ಬೈ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೆಟ್ಟಿಗೆ ಬಿಚ್ಚಿದೆವು. ಮೊಮ್ಮಗ ಒಳಗೆ ಕೈ ಚಾಚಿದ. “ಮುಟ್ಟಬೇಡ!” ಎಂದು ಕೂಗಿದೆ. ಮೀಟರ್ ಇಟ್ಟು ತೋರಿಸಿದೆ: 310 ವೋಲ್ಟ್! ಕರೆಂಟು ಹೋದ ಮೇಲೂ ಕೆಪ್ಯಾಸಿಟರ್‌ಗಳು ಚಾರ್ಜ್ ಹಿಡಿದಿರುತ್ತವೆ. ಅವನ ಮುಖ ಬಿಳಿಚಿಕೊಂಡಿತು. ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಿ, ಮೀಟರ್ ಸೊನ್ನೆಗೆ ಬಂದ ಮೇಲೆಯೇ ಕಬ್ಬಿಣ ಕಾಯಿಸಿದ್ದು. ಮಕ್ಕಳೇ, ಇದು ಆಟದ ಸಾಮಾನಲ್ಲ. ಬಲ್ಲವರು ಪಕ್ಕದಲ್ಲಿ ಇಲ್ಲದೆ ಬಿಚ್ಚಲೇಬೇಡಿ.

ಹಿಂಬದಿಯಲ್ಲಿ ಬಳಕೆಯಿಲ್ಲದ ಸ್ವಿಚ್ ಒಂದಿತ್ತು. ಅದನ್ನು ತೆಗೆದು, ಅದೇ ತೂತಿನಲ್ಲಿ ಹೊಸ ನಾಬ್ ಕೂರಿಸಿದೆವು. ತಿರುಗಿಸಿದಂತೆ ಗಿಟಾರಿಗೆ ಮೈ ತುಂಬಿಕೊಂಡಿತು. ಮೊಮ್ಮಗ ಕುಣಿದ.

ಆಮೇಲೆ ಟ್ರೆಬಲ್ ಪರೀಕ್ಷಿಸಲು ಹೋದೆ. ತಿರುಗಿಸುತ್ತಲೇ ಇದ್ದೆ, ವ್ಯತ್ಯಾಸವೇ ತಿಳಿಯಲಿಲ್ಲ. ಬೆಸುಗೆ ಬಿಟ್ಟಿದೆಯೇನೋ ಎಂದುಕೊಂಡೆ. ಅಷ್ಟರಲ್ಲಿ ಅವನು ಕಿವಿ ಮುಚ್ಚಿಕೊಂಡು, “ಸಾಕು ತಾತ, ಚುಚ್ಚುತ್ತೆ!” ಎಂದ.

ನಾಬ್ ಸರಿಯಾಗಿಯೇ ಇತ್ತು. ಸವೆದದ್ದು ನನ್ನ ಕಿವಿ. ವಯಸ್ಸಾದಂತೆ ಮೊದಲು ಕೈಬಿಡುವುದು ಎತ್ತರದ ಸ್ವರಗಳೇ. ‘ಸ’, ‘ಶ’, ‘ಫ’ಗಳ ಸ್ಪಷ್ಟತೆ ಇರುವುದೂ ಅಲ್ಲೇ. ಎರಡು ವರ್ಷದಿಂದ “ಈಗಿನ ಮಕ್ಕಳು ಬರೀ ಗೊಣಗುತ್ತಾರೆ” ಎಂದು ದೂರುತ್ತಿದ್ದೆ. ಪುಟ್ಟ ಮೊಮ್ಮಗಳು ಕಥೆ ಹೇಳುವಾಗ ಕೇಳಿಸಿದವನಂತೆ ತಲೆಯಾಡಿಸುತ್ತಿದ್ದೆ.

ಮರುವಾರ ಕಿವಿಯ ಡಾಕ್ಟರ ಬಳಿಗೆ ಹೋದೆ. ಬೇಡವೆಂದು ಹಟ ಹಿಡಿದಿದ್ದ ಶ್ರವಣಯಂತ್ರ ಈಗ ಕಿವಿಯಲ್ಲಿದೆ. ಅದು ಎಲ್ಲವನ್ನೂ ಒಂದೇ ಸಮ ಜೋರು ಮಾಡುವುದಿಲ್ಲ. ನನಗೆ ಕಡಿಮೆಯಾದ ಸ್ವರಗಳನ್ನೇ ಹೆಚ್ಚಾಗಿ ಕೂಡುತ್ತದೆ. ಇದು ಜಮೆಯ ಲೆಡ್ಜರ್.

ನಿನ್ನೆ ಮೊಮ್ಮಗಳು ಆಮೆಯ ಕಥೆ ಹೇಳಿದಳು. ಅವಳು ಹೇಳಿದ್ದು ನಾಲ್ಕನೆಯ ಸಲವಂತೆ. ನಾನು ಕೇಳಿದ್ದು ಮೊದಲ ಸಲ.