ಮೂರು ಸೈಟೇಷನ್

ಕಳೆದ ತಿಂಗಳು ಊರಿಗೆ ಹೋಗುವಾಗ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಫಾರ್ಮ್ ಒಂದನ್ನು ತುಂಬುತ್ತಿದ್ದೆ. ಪ್ರಕಟವಾದ ಲೇಖನಗಳು: ಎರಡು. ಒಟ್ಟು ಸೈಟೇಷನ್: ಮೂರು. ಅದರಲ್ಲೊಂದು ನನ್ನದೇ, ಎರಡನೇ ಲೇಖನದಲ್ಲಿ ಮೊದಲನೆಯದನ್ನು ಉಲ್ಲೇಖಿಸಿದ್ದು. ಇನ್ನೊಂದು ನಮ್ಮ ಗೈಡ್ ಅವರದು. ಮೂರನೆಯದು ಯಾರೋ ಪೋಲೆಂಡಿನವರದು. ಫೆಲೋಶಿಪ್ ಮುಗಿಯಲು ಆರು ತಿಂಗಳಿತ್ತು. ಮುಂದಿನ ಅರ್ಜಿಗೆ ಈ ಮೂರನ್ನೇ ನೆಚ್ಚಿಕೊಳ್ಳಬೇಕು.

ನನ್ನದು ಫಂಕ್ಷನಲ್ ಅನಾಲಿಸಿಸ್. ಒಂದೊಂದು ಫಲನವನ್ನೂ ಒಂದು ಬಿಂದುವೆಂದು ಭಾವಿಸಿ, ಅಂಥ ಬಿಂದುಗಳ ನಡುವಿನ ದೂರ, ಕೋನಗಳನ್ನು ಅಳೆಯುವ ಗಣಿತ. ಈ ಲೋಕದಲ್ಲಿ ಎಲ್ಲವೂ ನಿಧಾನ. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಎರಡು ವರ್ಷದ ಲೇಖನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಗಣಿತದಲ್ಲಿ ಎರಡು ವರ್ಷಕ್ಕೆ ಒಮ್ಮೊಮ್ಮೆ ರೆಫರಿಯ ಉತ್ತರವೂ ಬಂದಿರುವುದಿಲ್ಲ.

ಬಸ್ಸು ತಳುಕು ದಾಟುವಾಗ ಸಿ.ಆರ್. ರಾವ್ ನೆನಪಾದರು. ನಮ್ಮ ಮೊಳಕಾಲ್ಮೂರಿನಿಂದ ಬಳ್ಳಾರಿ ಸೀಮೆಗೆ ಹೊರಳಿದರೆ ಮುಂದೆ ಹೂವಿನಹಡಗಲಿ. 1920ರಲ್ಲಿ ಅವರು ಹುಟ್ಟಿದ್ದು ಅಲ್ಲಿ. 1944ರಲ್ಲಿ ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಿದರು: ದೊಡ್ಡ ಸ್ಯಾಂಪಲ್‌ಗಳಿಗೆ ಫಿಶರ್ ಹೇಳಿದ ಮಾತು ಸಣ್ಣ ಸ್ಯಾಂಪಲ್‌ಗಳಿಗೂ ಇದೆಯೇ? ಆ ರಾತ್ರಿ ಕೂತು ಸಾಧಿಸಿ, ಮರುದಿನ ರಾವ್ ತರಗತಿಯಲ್ಲಿ ಉತ್ತರ ಕೊಟ್ಟರು. ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ, ಆ ಅಂದಾಜು ಪಕ್ಷಪಾತವಿಲ್ಲದ್ದಾದರೆ, ಅದರ ಏರುಪೇರು ಒಂದು ಮಿತಿಗಿಂತ ಕೆಳಗಿಳಿಯದು. ಸಾಧನೆಯ ಜೀವಾಳ ನಮ್ಮ ಎಂಎಸ್ಸಿ ಮಕ್ಕಳು ಮೊದಲ ವಾರವೇ ಕಲಿಯುವ ಕೋಶಿ–ಶ್ವಾರ್ಟ್ಸ್ ಅಸಮತೆ. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಬುಲೆಟಿನ್‌ನಲ್ಲಿ ಹನ್ನೊಂದು ಪುಟದ ಲೇಖನವಾಗಿ ಬಂತು. ಆಗ ಅವರಿಗೆ ಪಿಎಚ್‌ಡಿ ಇರಲಿಲ್ಲ.

ಇಂದು ಅದು ಕ್ರಾಮರ್–ರಾವ್ ಅಸಮತೆ. ಹೆಸರು ಮನೆಮಾತಾದ ಮೇಲೆ ಮೂಲ ಲೇಖನವನ್ನು ಉಲ್ಲೇಖಿಸುವವರೇ ಕಡಿಮೆ. ಪಠ್ಯಪುಸ್ತಕವೊಂದನ್ನು ತೋರಿಸಿ ಮುಂದೆ ಹೋಗುತ್ತಾರೆ. ಇನ್ನೂ ಒಂದು ಸೋಜಿಗವಿದೆ. ನಮ್ಮ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರಾದ ಫ್ರಾನ್ಸಿನ ಮೋರಿಸ್ ಫ್ರೆಶೆ 1943ರಲ್ಲೇ ಇದೇ ಅಸಮತೆಯನ್ನು ಬರೆದಿದ್ದರು. ನಾವು ಹೇಳುವ ಹೆಸರಿನಲ್ಲಿ ಅವರಿಲ್ಲ. ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಿದ್ದು 2023ರಲ್ಲಿ, 102ನೇ ವಯಸ್ಸಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಅಷ್ಟು ಆಯಸ್ಸು ಎಲ್ಲರಿಗೂ ಸಿಗಬೇಕಲ್ಲ!

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಬರೆದ ಚಪಡ ಇದಕ್ಕಿಂತ ಜಾಣ. ಕೊನೆಯಲ್ಲಿ ತನ್ನ ಹೆಸರು ಹಾಕಿ, ಲಿಪಿಕಾರನೆಂಬ ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾನೆ.

ಮನೆಯಲ್ಲಿ ಅಪ್ಪ ಮಗ್ಗದ ಕುಣಿಯಲ್ಲಿ ಕೂತಿದ್ದರು. ಊಟಕ್ಕೆ ಎದ್ದಾಗ ಕೇಳಿದರು, "ಅಲ್ಲಮ್ಮಾ, ನೀನು ಬರೆದಿದ್ದನ್ನ ಎಷ್ಟು ಜನ ಓದ್ತಾರೆ?"

"ಮೂರು ಜನ. ಅದ್ರಲ್ಲಿ ಒಬ್ಬಳು ನಾನೇ."

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಅವರು ನೇಯ್ದ ಸೀರೆಗಳನ್ನು ಸಾಹುಕಾರ ಒಯ್ಯುತ್ತಾನೆ, ಯಾರು ಉಟ್ಟರೋ ಅವರಿಗೆ ಎಂದೂ ತಿಳಿದಿಲ್ಲ.

"ಆ ಪೋಲೆಂಡಿನವರು ನಿನ್ನ ಲೆಕ್ಕನ ಏನಕ್ಕೆ ಬಳಸ್ಕಂಡ್ರು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಹೆಸರನ್ನು ಎಷ್ಟೋ ಸಲ ನೋಡಿದ್ದೆ, ಸಂಖ್ಯೆ ನಾಲ್ಕಾಯಿತೇ ಎಂದು ವಾರಕ್ಕೊಮ್ಮೆ ಪುಟ ತೆರೆದಿದ್ದೆ. ಆ ಲೇಖನವನ್ನು ಮಾತ್ರ ಓದಿರಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಏಳನೇ ಪುಟದಲ್ಲಿ ನನ್ನ ಎರಡನೇ ಲೆಮ್ಮಾ ಇತ್ತು. ನಾನು ಅನಿವಾರ್ಯವೆಂದುಕೊಂಡಿದ್ದ ಒಂದು ಷರತ್ತನ್ನು ಅವರು ನಾಲ್ಕು ಸಾಲಿನಲ್ಲಿ ತೆಗೆದುಹಾಕಿದ್ದರು. ಮೊದಲು ಮುಖ ಬಿಸಿಯಾಯಿತು. ಆಮೇಲೆ ಆ ಷರತ್ತಿಲ್ಲದೆ ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ಏನಾಗಬಹುದೆಂದು ಹಾಳೆ ತೆಗೆದುಕೊಂಡು ಕೂತೆ. ಬೆಳಗಿನ ಜಾವ ಅಪ್ಪ ಮಗ್ಗಕ್ಕೆ ಇಳಿದು ಲಾಳಿಯ ಸದ್ದು ಶುರುವಾದಾಗ ಆರನೇ ಹಾಳೆಯಲ್ಲಿದ್ದೆ. ಫಾರ್ಮ್ ಇನ್ನೂ ಬ್ಯಾಗಿನಲ್ಲೇ ಇತ್ತು.