ಓಕಾಚೀ ಸರೋವರದ ಕಿಡಿ

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕೀ ನಗರದಿಂದ ಪಶ್ಚಿಮಕ್ಕೆ ಒಂದು ಗಂಟೆಯೊಳಗಿನ ಪ್ರಯಾಣದಲ್ಲಿ ಓಕಾಚೀ ಸರೋವರ ಸಿಗುತ್ತದೆ. ದಡದುದ್ದಕ್ಕೂ ಮರಗಳು, ಮರಗಳ ಮರೆಯಲ್ಲಿ ಮನೆಗಳು, ಮನೆಗಳ ಮುಂದೆ ನೀರಿಗೆ ಚಾಚಿದ ಹಲಗೆಯ ಕಟ್ಟೆಗಳು. ನೋಟಕ್ಕೆ ಸಾಧಾರಣವಾದ ಈ ನೀರಿಗೆ ಯಂತ್ರಗಳ ಚರಿತ್ರೆಯಲ್ಲಿ ದೊಡ್ಡ ಹೆಸರುಂಟು.

1877ರಲ್ಲಿ ನಾರ್ವೆಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ಈ ನಾಡಿಗೆ ಬಂದ ಓಲೆ ಎವಿನ್‌ರೂಡ್ ಎಂಬಾತ, ತನ್ನ ಮನದನ್ನೆ ಬೆಸ್ ಕೇರಿಗಾಗಿ ಐಸ್‌ಕ್ರೀಮ್ ತರಲು ಬೇಸಗೆಯ ಬಿಸಿಲಿನಲ್ಲಿ ಇಲ್ಲಿಯೇ ಹುಟ್ಟು ಹಾಕಿದನಂತೆ. ದೋಣಿ ಮರಳುವಷ್ಟರಲ್ಲಿ ಐಸ್‌ಕ್ರೀಮ್ ನೀರಾಗಿತ್ತು! ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರನ್ನು ಕಲ್ಪಿಸಿದವರಲ್ಲಿ ಅವನೇ ಮೊದಲಿಗನಲ್ಲ. ಆದರೆ ಅದನ್ನು ಜನಸಾಮಾನ್ಯರ ಕೈಗೆ ತಲಪಿಸಿದ ಕೀರ್ತಿ ಅವನದು. 1909ರಲ್ಲಿ ಮಾರಾಟಕ್ಕೆ ಬಂದ ಅವನ ಮೋಟಾರಿನ ತೂಕ 62 ಪೌಂಡು, ಬಲ ಒಂದೂವರೆ ಅಶ್ವಶಕ್ತಿ. ವ್ಯಾಪಾರದ ಹೊಣೆಯನ್ನು ಮಡದಿಯಾದ ಬೆಸ್ ಹೊತ್ತಳು.

ಇಂತಹ ಒಂದು ಕಟ್ಟೆಯ ಮೇಲೆ ವೃದ್ಧರೊಬ್ಬರು ತಮ್ಮ ತಂದೆಯ ಕಾಲದ, 1950ರ ದಶಕದ ಮೋಟಾರನ್ನು ಬಿಚ್ಚಿಕೊಂಡು ಕುಳಿತಿದ್ದರು. ಬಹುಕಾಲ ಕೊಟ್ಟಿಗೆಯಲ್ಲಿದ್ದ ಯಂತ್ರ ಮೌನ ಹಿಡಿದಿತ್ತು. ಪಕ್ಕದಲ್ಲಿ ಹನ್ನೆರಡರ ಮೊಮ್ಮಗಳು. “ಇದರಲ್ಲಿ ಬ್ಯಾಟರಿಯೇ ಇಲ್ಲವಲ್ಲ, ತಾತ, ಕಿಡಿ ಬರುವುದೆಲ್ಲಿಂದ?” ಎಂದಳು.

ವಾಚಕರಿಗೂ ಈ ಸಂದೇಹ ಬಂದೀತು. ಕಿಡಿಯ ಮೂಲ ಮೇಲಿನ ಭಾರವಾದ ಚಕ್ರದಲ್ಲಿದೆ. ಅದರ ಒಳಬದಿಯಲ್ಲಿ ಅಯಸ್ಕಾಂತ. ಕೆಳಗೆ ತಂತಿಯ ಸುರುಳಿ. ಸುರುಳಿಯಲ್ಲಿ ದಪ್ಪ ತಂತಿಯ ಸುತ್ತುಗಳು ಕೆಲವು, ಕೂದಲೆಳೆಯಂತಹ ತಂತಿಯ ಸುತ್ತುಗಳು ಸಾವಿರಾರು. ಹಗ್ಗವನ್ನೆಳೆದಾಗ ಚಕ್ರ ತಿರುಗಿ ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಸರಿಯಾದ ಕ್ಷಣದಲ್ಲಿ ‘ಪಾಯಿಂಟ್’ ಎಂಬ ಪುಟ್ಟ ಬಾಗಿಲು ತೆರೆದು ಆ ಹರಿವನ್ನು ತಟಕ್ಕನೆ ಕಡಿಯುತ್ತದೆ. ಆ ಆಘಾತಕ್ಕೆ ತೆಳು ತಂತಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟುಗಳ ನಡುವೆಯೇ ಕಿಡಿ ಪೋಲಾಗದಂತೆ ಕಾಯುವ ಕಾವಲುಗಾರ ಕಂಡೆನ್ಸರ್.

ಬಳಸದೆ ಬಿಟ್ಟರೆ ಪಾಯಿಂಟುಗಳಿಗೆ ಕಿಲುಬು ಕಟ್ಟುತ್ತದೆ. ಅಷ್ಟು ಸಾಕು, ಯಂತ್ರ ಶವಪ್ರಾಯ. ವೃದ್ಧರು ಸಣ್ಣ ಅರದಿಂದ ಅವನ್ನು ಉಜ್ಜಿ, ಎಡೆಯನ್ನು ಅಂಗುಲದ ಸಾವಿರದಲ್ಲಿ 20 ಭಾಗಕ್ಕೆ ಹೊಂದಿಸಿದರು. ಬಳಿಕ ಪ್ಲಗ್ಗನ್ನು ಕಳಚಿ, ಅದರ ಲೋಹದ ಮೈಯನ್ನು ಯಂತ್ರಕ್ಕೆ ತಾಗಿಸಿ, ಹಗ್ಗವನ್ನು ಮೊಮ್ಮಗಳ ಕೈಗಿತ್ತರು. ಎಳೆದಳು. ನೀಲಿ ಕಿಡಿಯೊಂದು ಚಟ್ಟೆಂದಿತು!

2020ರಲ್ಲಿ ಎವಿನ್‌ರೂಡ್ ಮೋಟಾರುಗಳ ತಯಾರಿಕೆ ನಿಂತಿತು. ಕಾರ್ಖಾನೆಯ ಬಾಗಿಲು ಮುಚ್ಚಿದ ಮೇಲೆ ಹಳೆಯ ಯಂತ್ರದ ಆಯುಷ್ಯ ಅದರ ಮರ್ಮವನ್ನು ಬಲ್ಲ ಕೈಗಳನ್ನೇ ಅವಲಂಬಿಸಿರುತ್ತದೆ. ಆ ಸಂಜೆ ಅಂತಹ ಕೈಗಳು ಇನ್ನೆರಡು ಹೆಚ್ಚಿದವು. ದೋಣಿ ಗುಡುಗುಟ್ಟುತ್ತ ಹೊರಟಾಗ ತಾತ ಎರಡು ಹುಟ್ಟುಗಳನ್ನು ಒಳಗಿರಿಸಲು ಮರೆಯಲಿಲ್ಲ. ನಡುನೀರಿನಲ್ಲಿ ಕಿಡಿ ಕೈಕೊಟ್ಟರೆ ದಡ ಸೇರಿಸುವವು ಅವೇ ತಾನೇ?