ಹುಲ್ಲಿನ ಋಣ

ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ್ದಾರೆ. ದೀಪ ಆರಿಸಿ ದಿಂಬಿಗೆ ಒರಗಿದ್ದೀರಿ, ಕೈಯಲ್ಲಿ ಫೋನು. ಪರದೆಯ ಮೇಲೆ ಜಪಾನಿನ ನಾಕಾಯಾಮಾ ರೇಸ್‌ಕೋರ್ಸು. ಡಿಸೆಂಬರ್ ಕೊನೆಯ ಅರಿಮಾ ಕಿನೆನ್ ಓಟ, ಹುಲ್ಲಿನ ಮೇಲೆ 2,500 ಮೀಟರ್. ಕುದುರೆ ಓಟದ ಗಂಧಗಾಳಿ ಇಲ್ಲದ ಜಪಾನೀಯರೂ ವರ್ಷಕ್ಕೊಮ್ಮೆ ಬಾಜಿ ಟಿಕೆಟ್ ಕೊಳ್ಳುವುದು ಈ ಓಟಕ್ಕೆ.

ಗೇಟಿನೊಳಗೆ ನಿಮ್ಮ ಹುಡುಗಿ ನಿಂತಿದ್ದಾಳೆ. ಗುಲಾಬಿ ಕೂದಲು, ಅದರ ನಡುವೆ ನಿಮಿರಿದ ಎರಡು ಕುದುರೆ ಕಿವಿ, ಹಣೆಗೆ ಬಿಗಿದ ಬಿಳಿ ಪಟ್ಟಿ, ಹಿಂದೆ ಆಡುವ ಬಾಲ. ಹೆಸರು ಹಾರು ಉರಾರಾ. ಆಟದ ಹೆಸರು ಉಮಾ ಮುಸುಮೆ, ಅಂದರೆ ಕುದುರೆ ಹುಡುಗಿ. ಸೈಗೇಮ್ಸ್ ಕಂಪನಿ ಇದನ್ನು ಜಪಾನಿನಲ್ಲಿ 2021ರ ಫೆಬ್ರವರಿಯಲ್ಲಿ ಬಿಟ್ಟಿತು, ಇಂಗ್ಲಿಷಿನಲ್ಲಿ 2025ರ ಜೂನ್‌ನಲ್ಲಿ. ಜಪಾನಿನಲ್ಲಿ ನಿಜವಾಗಿ ಓಡಿದ ಕುದುರೆಗಳು ಇಲ್ಲಿ ಅದೇ ಹೆಸರು ಹೊತ್ತು ಹುಡುಗಿಯರಾಗಿ ಹುಟ್ಟಿವೆ. ನೀವು ಅವಳ ಟ್ರೈನರ್. ಆಟದ ಲೆಕ್ಕದಲ್ಲಿ ಮೂರು ವರ್ಷ ಅವಳನ್ನು ಪಳಗಿಸಿದ್ದೀರಿ. ವೇಗ, ದಮ್ಮು, ಬಲ, ಛಲ, ಬುದ್ಧಿ ಎಂಬ ಐದು ಗುಣಗಳನ್ನು ಒಂದೊಂದೇ ಅಂಕವಾಗಿ ಕೂಡಿಸಿದ್ದೀರಿ.

ಅವಳ ಹುಟ್ಟುಗುಣದ ಪಟ್ಟಿ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಮರಳಿನ ಓಟಕ್ಕೆ ಎ, ಚಿಕ್ಕ ಓಟಕ್ಕೆ ಎ. ಹುಲ್ಲಿಗೆ ಜಿ, ದೂರದ ಓಟಕ್ಕೂ ಜಿ. ಜಿಗಿಂತ ಕೆಳಗೆ ಅಕ್ಷರವಿಲ್ಲ. ಅಂಥವಳ ಕಥೆಯ ಕೊನೆಗೆ ಆಟ ಇಟ್ಟಿರುವುದು ಹುಲ್ಲಿನ ಮೇಲಿನ, ದೂರದ ಈ ಓಟವನ್ನೇ.

ಗೇಟು ತೆರೆಯಿತು. ಮೊದಲ ಸುತ್ತಿನಲ್ಲಿ ಗುಂಪಿನ ಜೊತೆಗೇ ಇದ್ದಾಳೆ. ಎರಡನೆಯ ಸಲ ತಿರುವಿಗೆ ಬರುವಾಗ ದಮ್ಮು ಬರಿದಾಯಿತು. ನಾಕಾಯಾಮಾದ ಕೊನೆಯ ನೇರ ದಾರಿಯಲ್ಲಿ ಒಂದು ಏರು ಇದೆ, ದೊಡ್ಡ ದೊಡ್ಡ ಕುದುರೆಗಳ ಉಸಿರು ಹಿಂಡುವ ಏರು. ಅಲ್ಲಿ ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋಗುತ್ತಾರೆ. ನಿಮ್ಮ ಹೆಬ್ಬೆರಳು ಗಾಜನ್ನು ಒತ್ತುತ್ತದೆ, ಒತ್ತಿದರೆ ಏನೂ ಆಗದೆಂದು ಗೊತ್ತಿದ್ದರೂ. ಅವಳದು ಕೊನೆಯ ಸ್ಥಾನ.

ಆ ಜಿ ಅಕ್ಷರ ಎಲ್ಲಿಂದ ಬಂತು? ಯಾರೋ ಮೇಜಿನ ಮುಂದೆ ಕೂತು ತೋಚಿದ್ದು ಬರೆದದ್ದಲ್ಲ. ಒಂದು ನಿಜವಾದ ಹೆಣ್ಣು ಕುದುರೆಯ ಗೊರಸಿನಿಂದ ಬಂತು. ಫೋನು ಪಕ್ಕಕ್ಕಿಡಿ. ಆ ಗೊರಸಿನ ಹಿಂದೆ ಹೋಗೋಣ.

2004ರ ಮಾರ್ಚ್ 22. ಜಪಾನಿನ ಶಿಕೊಕು ದ್ವೀಪದ ದಕ್ಷಿಣ ಅಂಚು, ಕೊಚಿ ರೇಸ್‌ಕೋರ್ಸು. ಮಳೆ ಹಿಡಿದಿದೆ. ಕೊಡೆಗೆ ಕೊಡೆ ತಾಗಿ, ಒಬ್ಬರ ಕೊಡೆಯ ನೀರು ಇನ್ನೊಬ್ಬರ ಹೆಗಲಿಗೆ ಇಳಿಯುತ್ತಿದೆ. ನಷ್ಟದಲ್ಲಿ ಮುಳುಗಿ, ಮುಚ್ಚುವ ಮಾತು ಕೇಳಿಬರುತ್ತಿದ್ದ ಈ ಊರಿನ ರೇಸಿಗೆ ಇವತ್ತು 13,000 ಜನ ಬಂದಿದ್ದಾರೆ. ನೀವೂ ಕಟಕಟೆಯ ಹತ್ತಿರ ಜಾಗ ಹಿಡಿದಿದ್ದೀರಿ. ಮುಂದೆ ಓಟದ ದಾರಿ ಕಾಣುತ್ತದೆ. ಮರಳು ನೀರು ಕುಡಿದು ಮಿನುಗುತ್ತಿದೆ. ಕಂಬಳದ ಗದ್ದೆ ನೋಡಿದವರಿಗೆ ಈ ಮಿನುಗು ಗೊತ್ತು. ಕಾಲಿಟ್ಟಲ್ಲೆಲ್ಲ ಕೆಸರು ಮೇಲೇಳುವುದಕ್ಕೆ ಕಾದಿರುತ್ತದೆ.

ಟಿಕೆಟ್ ಕಿಟಕಿಯ ಸಾಲು ಕರಗುತ್ತಲೇ ಇಲ್ಲ. ಒಂದು ಟಿಕೆಟ್ಟಿಗೆ 100 ಯೆನ್ ಸಾಕು. ಎಲ್ಲರೂ ಕೇಳುವುದು ಒಂದೇ ಹೆಸರು, ಹಾರು ಉರಾರಾ. ವಸಂತದ ಹಿತವಾದ ಬಿಸಿಲು ಎಂಬಂಥ ಅರ್ಥದ ಹೆಸರು. ಇಲ್ಲಿಯವರೆಗೆ 105 ಸಲ ಓಡಿದ್ದಾಳೆ. 105 ಸಲವೂ ಸೋತಿದ್ದಾಳೆ. ಆದರೂ ಫಲಕದ ಮೇಲೆ ಅವಳ ಬಾಜಿಯ ದರ 1.8. ಹಣದ ಲೆಕ್ಕದಲ್ಲಿ ಇವತ್ತು ಗೆಲ್ಲುವ ಕುದುರೆ ಅವಳೇ! ಸಾಲಿನಲ್ಲಿ ನಿಂತ ಯಾರೂ ಹಾಗೆ ನಂಬಿಲ್ಲ. ಟಿಕೆಟ್ಟು ನಗದು ಮಾಡಲಿಕ್ಕೆ ಯಾರೂ ಕೊಳ್ಳುತ್ತಿಲ್ಲ, ಇಟ್ಟುಕೊಳ್ಳಲಿಕ್ಕೆ ಕೊಳ್ಳುತ್ತಿದ್ದಾರೆ.

ಕಾರಣ ಒಂದು ಮಾತಿನಲ್ಲಿದೆ. ಟಿಕೆಟ್ಟಿಗೆ ಹಣ ಬಂದರೂ, ವಾಹನ ಬಂದು ಬಡಿದರೂ ಜಪಾನಿ ಭಾಷೆಯಲ್ಲಿ 'ಅತಾರು' ಎನ್ನುತ್ತಾರೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಲಾಟರಿಯೂ ಹೊಡೆಯುತ್ತದೆ, ಲಾರಿಯೂ ಹೊಡೆಯುತ್ತದೆ. ಎಂದೂ ಹೊಡೆಯದ ಟಿಕೆಟ್ಟು ಜೇಬಿನಲ್ಲಿದ್ದರೆ ಲಾರಿಯೂ ಹೊಡೆಯುವುದಿಲ್ಲ ಎಂದು ಅವರ ನಂಬಿಕೆ. ಹೀಗೆ ಸೋಲುವ ಕುದುರೆಯ ಟಿಕೆಟ್ಟು ತಾಯಿತವಾಯಿತು.

ಅವಳು ಹುಟ್ಟಿದ್ದು 1996ರ ಫೆಬ್ರವರಿ 27ರಂದು, ಉತ್ತರದ ಹೊಕ್ಕೈಡೋದಲ್ಲಿ. ಕೊಚಿಯಲ್ಲಿ ಓಟಕ್ಕಿಳಿದದ್ದು 1998ರ ನವೆಂಬರಿನಲ್ಲಿ. ಟ್ರೈನರ್ ಮುನೆಇಶಿ ದಾಯ್. ಗೆಲ್ಲದ ಕುದುರೆಯನ್ನು ಯಾವ ಲಾಯವೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಅಂಥ ಎಷ್ಟೋ ಕುದುರೆಗಳ ದಾರಿ ಕಸಾಯಿಖಾನೆಗೆ ಹೋಗಿ ಮುಗಿಯುತ್ತದೆ. ಈಕೆ ಓಡುತ್ತಲೇ ಇದ್ದಳು, ಆದ್ದರಿಂದ ಉಳಿದಳು. ಸೋಲಿನ ಸಂಖ್ಯೆ ನೂರರ ಹತ್ತಿರ ಬಂದಾಗ ಅದು ರೇಸ್‌ಕೋರ್ಸಿನವರ ಕಣ್ಣಿಗೆ ಬಿತ್ತು. 2003ರಲ್ಲಿ ಊರಿನ ಪತ್ರಿಕೆ ಬರೆಯಿತು, ಆಮೇಲೆ ದೇಶದ ಟಿವಿಗಳು ಬಂದವು. ವರ್ಷಗಟ್ಟಲೆ ಆರ್ಥಿಕ ಮಂದಗತಿಯಲ್ಲಿ ಬೆಂದಿದ್ದ ಜಪಾನಿನಲ್ಲಿ ಕೆಲಸ ಹೋದವರು, ಅಂಗಡಿ ಮುಚ್ಚಿದವರು, ಪರೀಕ್ಷೆಯಲ್ಲಿ ಬಿದ್ದವರು ಈ ಕುದುರೆಯಲ್ಲಿ ತಮ್ಮನ್ನು ಕಂಡರು. ಸೋತು ಬಂದು, ಮರುವಾರ ಮತ್ತೆ ಗೇಟಿನೊಳಗೆ ನಿಲ್ಲುವುದು ಅವರಿಗೆಲ್ಲ ಗೊತ್ತಿದ್ದ ಕೆಲಸ.

ಈಗ ಗುಂಪಿನಲ್ಲಿ ಅಲೆ ಎದ್ದಿತು. ಅವಳು ಬಂದಳು. ಕಂದು ಮೈ, ಚಿಕ್ಕ ಮೈಕಟ್ಟು, ಮುಖಕ್ಕೆ ಹಲೋ ಕಿಟ್ಟಿ ಚಿತ್ರದ ಗುಲಾಬಿ ಮುಖವಾಡ. ನಿಮ್ಮ ಫೋನಿನ ಹುಡುಗಿಯ ಕೂದಲಿಗೆ ಆ ಬಣ್ಣ ಎಲ್ಲಿಂದ ಬಂತು ಎಂಬುದನ್ನು ಇದನ್ನು ನೋಡಿದರೆ ಊಹಿಸಬಹುದು. ಜೀನಿನ ಮೇಲೆ ತಾಕೆ ಯುತಾಕಾ. ಜಪಾನಿನ ಹೆಸರಾಂತ ಜಾಕಿ ದೇಶದಲ್ಲಿ ಅತಿ ಹೆಚ್ಚು ಹೆಸರಾದ ಸೋಲುವ ಕುದುರೆಯನ್ನು ಏರಿದ್ದಾರೆ.

ಹತ್ತನೆಯ ಓಟ. 11 ಕುದುರೆ, 1,300 ಮೀಟರ್. ಇಲ್ಲಿನ ಒಂದು ಸುತ್ತು 1,100 ಮೀಟರ್, ಹಾಗಾಗಿ ಅವು ನಿಮ್ಮ ಮುಂದೆ ಎರಡು ಸಲ ಹಾದುಹೋಗುತ್ತವೆ. ಗೇಟು ಸಿಡಿದ ಸದ್ದು. ಮೊದಲು ಕಿವಿಗೆ ಬರುವುದು ಗೊರಸಿನ ಸಪ್ಪಳ, ಒದ್ದೆ ಮರಳಿನಲ್ಲಿ ಅದು ಟಪಟಪ ಎನ್ನುವುದಿಲ್ಲ, ದಪ್ ದಪ್ ಎಂದು ಎದೆಗೂಡಿನೊಳಗೇ ಬೀಳುತ್ತದೆ. ಆಮೇಲೆ ಮೂಗಿನ ಹೊಳ್ಳೆಯ ಉಸಿರು, ಜಾಕಿಗಳ ಕೂಗು, ಹಾರಿದ ಕೆಸರು. ಒಂದು ಹನಿ ನಿಮ್ಮ ತುಟಿಗೂ ಬಂತು. ಉಪ್ಪೋ ಮಣ್ಣೋ ತಿಳಿಯುವ ಮೊದಲೇ ಗುಂಪು ತಿರುವಿನಲ್ಲಿ ಮರೆಯಾಯಿತು.

ಆಚೆ ಬದಿಯಲ್ಲಿ ಅವು ಬೇಲಿಗೆ ಅಂಟಿಕೊಂಡು ಓಡುತ್ತಿಲ್ಲ ಎಂಬುದನ್ನು ಗಮನಿಸಿ. ಕೊಚಿಯಲ್ಲಿ ಒಳಬದಿಯ ಮರಳು ಆಳ, ಕಾಲು ಹೂಳುತ್ತದೆ. ಇಲ್ಲಿ ಪಳಗಿದ ಜಾಕಿಗಳು ಆ ಪಟ್ಟಿಯನ್ನು ಖಾಲಿ ಬಿಟ್ಟು, ದೂರ ಹೆಚ್ಚಾದರೂ ಗಟ್ಟಿ ನೆಲ ಹುಡುಕಿ ಓಡಿಸುತ್ತಾರೆ. ಹಾರು ಉರಾರಾಳ ಐದು ವರ್ಷ ಇಂಥ ಮರಳಿನಲ್ಲೇ ಕಳೆದಿದೆ. ಮರಳಿಗೆ ಎ, ಹುಲ್ಲಿಗೆ ಜಿ ಎಂದು ಆಟದವರು ಬರೆದದ್ದು ಈ ಕಾಲುಗಳ ನೆನಪನ್ನೇ.

ಎರಡನೆಯ ಸಲ ಗುಂಪು ನೇರ ದಾರಿಗೆ ತಿರುಗಿತು. ಮುಂದಿನವರಲ್ಲಿ ಗುಲಾಬಿ ಇಲ್ಲ. ನಡುವೆಯೂ ಇಲ್ಲ. ಜನ ಕೂಗುವುದನ್ನು ನಿಲ್ಲಿಸಿಲ್ಲ, ನಿಮ್ಮ ಗಂಟಲೂ ಅದರಲ್ಲಿ ಸೇರಿದೆ. 11ರಲ್ಲಿ ಹತ್ತನೆಯವಳಾಗಿ ಬಂದಳು. 106ನೆಯ ಸೋಲು.

ಆಮೇಲೆ ನಡೆದದ್ದು ಗೆದ್ದ ಕುದುರೆಗೆ ಮಾತ್ರ ಸಲ್ಲುವ ಮರ್ಯಾದೆ. ತಾಕೆ ಲಗಾಮು ತಿರುಗಿಸಿ ಅವಳನ್ನು ಮತ್ತೆ ಜನರ ಮುಂದೆ ತಂದರು. ಕೊಡೆಗಳು ಮೇಲೆದ್ದವು, ಚಪ್ಪಾಳೆ ಮಳೆಗಿಂತ ಜೋರಾಯಿತು. ಪಕ್ಕೆ ಉಬ್ಬಿ ಇಳಿಯುತ್ತಿದೆ, ಒದ್ದೆ ಜೂಲಿನಿಂದ ನೀರು ತೊಟ್ಟಿಕ್ಕುತ್ತಿದೆ, ಮೈಯಿಂದ ಹಬೆ ಏಳುತ್ತಿದೆ. ಆ ಒಂದೇ ಓಟಕ್ಕೆ ಜನ ಕಟ್ಟಿದ ಹಣ 50 ಕೋಟಿ ಯೆನ್‌ಗೂ ಹೆಚ್ಚು. ಮುಳುಗುತ್ತಿದ್ದ ರೇಸ್‌ಕೋರ್ಸಿಗೆ ಅವಳು ಒಂದಿಷ್ಟು ಉಸಿರು ಕೊಟ್ಟಳು. ಅವಳಿಗೆ ಅದರ ಸುದ್ದಿ ಗೊತ್ತಿಲ್ಲ. ಅವಳಿಗೆ ಬೇಕಾದದ್ದು ನೀರು, ಮೈ ಒರೆಸುವ ಕೈ, ಒಂದು ಹಿಡಿ ಹುಲ್ಲು.

ಮೈದಾನ ಖಾಲಿಯಾಗಲಿ. ಚಪ್ಪಾಳೆ ಮುಗಿದ ಮೇಲೆ ಉಳಿಯುವ ಲೆಕ್ಕದ ಹತ್ತಿರ ಬನ್ನಿ.

ಆಟದಲ್ಲಿ ಮೂರು ವರ್ಷ ಮುಗಿದ ಕೂಡಲೇ ನಿಮ್ಮ ಹುಡುಗಿಯ ಗುಣಗಳು ಒಂದು ಚೀಟಿಯಂತೆ ಜಮೆಯಾಗುತ್ತವೆ, ಮುಂದಿನವಳಿಗೆ ಬಳುವಳಿಯಾಗಿ ಬರುತ್ತವೆ. ಅವಳಿಗೆ ವಯಸ್ಸಾಗುವುದಿಲ್ಲ. ಹಸಿವಿಲ್ಲ. ಮೂಳೆ ಮಾಂಸದ ಕುದುರೆ ಹಾಗಲ್ಲ. ಹಾರು ಉರಾರಾ ಕೊನೆಯ ಸಲ ಓಡಿದ್ದು 2004ರ ಆಗಸ್ಟ್ 3ರಂದು. ಒಟ್ಟು 113 ಓಟ, ಒಂದೂ ಗೆಲುವಿಲ್ಲ. ಆಗ ಅವಳಿಗೆ ಎಂಟು ವರ್ಷ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬಾಳುತ್ತದೆ. ದಿನಕ್ಕೆ ಎಂಟು ಕಿಲೋ ಒಣಹುಲ್ಲು ಎಂದರೂ ವರ್ಷಕ್ಕೆ ಮೂರು ಟನ್ ಹತ್ತಿರ, ಇಪ್ಪತ್ತು ವರ್ಷಕ್ಕೆ ಅರವತ್ತು ಟನ್. ಲಾಯದ ಬಾಡಿಗೆ, ಲಾಳ, ಹಲ್ಲು, ವೈದ್ಯ ಬೇರೆ. ಐದಾರು ವರ್ಷದ ಓಟ ನೋಡಿ ಖುಷಿಪಟ್ಟವರು ಆ ಅರವತ್ತು ಟನ್ನಿನ ಹೊತ್ತಿಗೆ ಎಲ್ಲಿರುತ್ತಾರೆ?

ಅವಳ ವಿಷಯದಲ್ಲೂ ಇದೇ ಆಯಿತು. ಕೊಚಿ ಬಿಟ್ಟ ಮೇಲೆ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂಬುದು ಅವಳನ್ನು ಕೊಂಡಾಡಿದ ಜನರಿಗೇ ವರ್ಷಗಟ್ಟಲೆ ತಿಳಿಯಲಿಲ್ಲ. ಕೊನೆಗೆ 2012ರಲ್ಲಿ ಚಿಬಾ ಪ್ರಾಂತ್ಯದ ಕಡಲೂರು ಒಂಜುಕುವಿನ ಮಾರ್ಥಾ ಫಾರ್ಮ್ ಸೇರಿದಳು. ಸಾಕುವ ಖರ್ಚು ಹೊರಲು ಅಭಿಮಾನಿಗಳು ಸಂಘ ಕಟ್ಟಿ ತಿಂಗಳ ವಂತಿಗೆ ಎತ್ತಿದರು.

ಕುದುರೆ ಓಟದ ಆಟ ಜಪಾನಿಗೆ ಹೊಸದಲ್ಲ. 1991ರಲ್ಲಿ ಡರ್ಬಿ ಸ್ಟಾಲಿಯನ್, 1993ರಲ್ಲಿ ವಿನ್ನಿಂಗ್ ಪೋಸ್ಟ್ ಬಂದವು. ತಳಿ ಕೂಡಿಸುವುದು, ಮರಿ ಬೆಳೆಸುವುದು, ರಕ್ತಸಂಬಂಧದ ಲೆಕ್ಕ ಎಲ್ಲವನ್ನೂ ಒಂದು ತಲೆಮಾರಿನ ಹುಡುಗರು ಅವುಗಳಿಂದಲೇ ಕಲಿತರು. ಉಮಾ ಮುಸುಮೆ ಹೆಸರಿಗೆ ಮುಖ ಕೊಟ್ಟಿತು, ಮುಖಕ್ಕೆ ಕಥೆ ಕೊಟ್ಟಿತು. ಆಡಿದವರಿಗೆ ಮುಂದೆ ಹುಟ್ಟುವ ಪ್ರಶ್ನೆ ಸಹಜ: ಆ ನಿಜವಾದ ಕುದುರೆ ಈಗ ಎಲ್ಲಿದೆ?

ಆ ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದನ್ನು ಆಟದಲ್ಲೂ ಹುಡುಗಿಯಾಗಿರುವ ನೈಸ್ ನೇಚರ್ ಎಂಬ ಮುದಿ ಕುದುರೆ ತೋರಿಸಿತು. 1991ರಿಂದ 1993ರವರೆಗೆ ಅರಿಮಾ ಕಿನೆನ್‌ನಲ್ಲಿ ಮೂರು ವರ್ಷವೂ ಮೂರನೆಯದಾಗಿ ಬಂದ ಕುದುರೆ ಅದು. ಅದರ ಹುಟ್ಟುಹಬ್ಬಕ್ಕೆ ನಿವೃತ್ತ ಕುದುರೆಗಳ ಸಂಘವೊಂದು ಪ್ರತಿವರ್ಷ ದೇಣಿಗೆ ಕೇಳುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಅದಕ್ಕೆ 33 ತುಂಬಿತು, ಆಟ ಬಂದು ಎರಡು ತಿಂಗಳಾಗಿತ್ತು. ಸಂಘದ ಗುರಿ 20 ಲಕ್ಷ ಯೆನ್. ಬಂದದ್ದು ಮೂರೂವರೆ ಕೋಟಿಗೂ ಹೆಚ್ಚು, ಕೊಟ್ಟವರು 16,000ಕ್ಕೂ ಮಿಕ್ಕಿ. ಆ ಹಣ ಹೋದದ್ದು ಓಟ ಮುಗಿಸಿದ ಬೇರೆ ಕುದುರೆಗಳ ಹುಲ್ಲಿಗೆ, ನೀರಿಗೆ. ನೈಸ್ ನೇಚರ್ 2023ರ ಮೇ 30ರಂದು, 35ನೆಯ ವಯಸ್ಸಿನಲ್ಲಿ ತೀರಿಕೊಂಡಿತು.

ಈಗ 2025ರ ಬೇಸಿಗೆ. ಒಂಜುಕುವಿನ ಲಾಯದ ಬಾಗಿಲಲ್ಲಿ ನಿಂತಿದ್ದೀರಿ. ಗಟ್ಟಿಯಾಗಿ ಮಾತಾಡಬೇಡಿ. ಫೋಟೋದ ಫ್ಲ್ಯಾಶ್ ಬೇಡ, ಕೈಯಿಂದ ಏನನ್ನೂ ತಿನ್ನಿಸಬೇಡಿ. ಮುದಿ ಜೀವ ಬೆದರಬಾರದು. ಒಳಗೆ ನಸುಗತ್ತಲೆ, ಒಣಹುಲ್ಲಿನ ಮತ್ತು ಲದ್ದಿಯ ಬೆಚ್ಚನೆಯ ವಾಸನೆ. ಹಾರು ಉರಾರಾಗೆ ಈಗ 29. ಮುಖವಾಡವಿಲ್ಲ, ಜೀನಿಲ್ಲ, ಬೆನ್ನು ಇಳಿದಿದೆ.

ಹಸಿ ಹುಲ್ಲಿನ ಕಟ್ಟು ಬಂದಿದೆ. ಇಂಗ್ಲಿಷಿನಲ್ಲಿ ಆಟ ಬಂದ ಮೇಲೆ ಸಮುದ್ರದಾಚೆಯ ಹುಡುಗ ಹುಡುಗಿಯರು, ಅವಳನ್ನು ಎಂದೂ ನೋಡದವರು, ಕುದುರೆಗಳಿಗೆ ಹುಲ್ಲು ಕಳಿಸುವ ಜಪಾನಿನ ಜಾಲತಾಣವೊಂದನ್ನು ಹುಡುಕಿ ಹಿಡಿದರು. ಎಷ್ಟು ಜನ ನುಗ್ಗಿದರೆಂದರೆ ತಾಣವೇ ಕುಸಿಯಿತು. ಟನ್‌ಗಟ್ಟಲೆ ಹುಲ್ಲು ಅವಳ ಹೆಸರಿಗೆ ಜಮೆಯಾಯಿತು. ಅವಳು ಕತ್ತು ಚಾಚುತ್ತಾಳೆ. ಮೇಲ್ದುಟಿ ಬೆರಳಿನಂತೆ ಆಡಿ ಎಳೆಗಳನ್ನು ಆರಿಸುತ್ತದೆ. ಆಮೇಲೆ ಸವೆದ ಹಲ್ಲುಗಳು ನಿಧಾನವಾಗಿ ಅಗಿಯುವ ಕರಕರ ಸದ್ದು. ಈ ಸದ್ದನ್ನು ಯಾವ ಆಟವೂ ನಿಮಗೆ ಕೇಳಿಸಲಾರದು. ಆದರೆ ಇದನ್ನು ಇಲ್ಲಿಗೆ ತಂದದ್ದು ಒಂದು ಆಟವೇ.

ಸೆಪ್ಟೆಂಬರ್ 9ರಂದು ಅವಳು ಹೋದಳು. ಹೊಟ್ಟೆಶೂಲೆ ಬಂದಿತ್ತು, ಕುದುರೆಗಳ ಹಳೆಯ ಶತ್ರು. ಲೋಕ ಅವಳನ್ನು ಎರಡನೆಯ ಸಲ ಹುಡುಕಿಕೊಂಡು ಬಂದು ಮೂರು ತಿಂಗಳೂ ತುಂಬಿರಲಿಲ್ಲ.

ಕೊಚಿ ರೇಸ್‌ಕೋರ್ಸು ಉಳಿದಿದೆ. 2009ರಲ್ಲಿ ರಾತ್ರಿ ಓಟ ಶುರುವಾಯಿತು, ದೂರದವರು ಇಂಟರ್ನೆಟ್‌ನಲ್ಲಿ ಟಿಕೆಟ್ ಕೊಳ್ಳತೊಡಗಿದರು, ಮೈದಾನ ಚೇತರಿಸಿಕೊಂಡಿತು. ಅಲ್ಲೊಂದು ಪದ್ಧತಿ ಇದೆ. ದಿನದ ಕೊನೆಯ ಓಟಕ್ಕೆ ಇತ್ತೀಚೆಗೆ ಸೋಲುತ್ತಲೇ ಬಂದ ಕುದುರೆಗಳನ್ನು ಕೂಡಿಸುತ್ತಾರೆ. ದೊಡ್ಡ ದೀಪಗಳ ಕೆಳಗೆ ಒದ್ದೆ ಮರಳು ಮಿನುಗುತ್ತಿರುವಾಗ ಅವು ಗೇಟಿನೊಳಗೆ ನಿಲ್ಲುತ್ತವೆ. ಅವುಗಳಲ್ಲಿ ಒಂದು ಗೆಲ್ಲಲೇಬೇಕು.

ಈಗ ಫೋನು ಎತ್ತಿಕೊಳ್ಳಿ. ಮತ್ತೆ ಮೂರು ವರ್ಷ ಪಳಗಿಸಿ, ಮತ್ತೆ ಆ ಏರು ಹತ್ತಿಸಿ. ಬಳುವಳಿ ಕೂಡಿಸಿ, ಹುಲ್ಲಿನ ಜಿಯನ್ನು ಒಂದೊಂದೇ ಅಕ್ಷರ ಮೇಲೆತ್ತಿ, ಅವಳಿಗೆ ಅರಿಮಾ ಕಿನೆನ್ ಗೆಲ್ಲಿಸಿಕೊಟ್ಟವರಿದ್ದಾರೆ. ನೀವೂ ಗೆಲ್ಲಿಸಿಕೊಡಿ, ಅದು ಅವಳಿಗೆ ಸಲ್ಲಬೇಕಾದದ್ದೇ. ನನ್ನದು ಒಂದೇ ಕೋರಿಕೆ. ಗೆದ್ದ ರಾತ್ರಿ ಓಟ ಮುಗಿಸಿ ಎಲ್ಲೋ ಲಾಯದಲ್ಲಿ ನಿಂತಿರುವ, ಹೆಸರಿಲ್ಲದ ಒಂದು ಕುದುರೆಗೆ ಒಂದು ಕಟ್ಟು ಹುಲ್ಲು ಕಳಿಸಿ. ನಾವು ಆಡಿದ್ದು ಅವುಗಳ ಕಾಲಿನ ಬಲದಿಂದ. ಹುಲ್ಲಿನ ಋಣ ಹುಲ್ಲಿನಿಂದಲೇ ತೀರಬೇಕು.